ಗಲ್ಲಾ ಬಿಟ್ಟು ಏಳುವ ವಿದ್ಯೆ

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಈ ಗಾದೆ ಹುಟ್ಟಿದ್ದು ಹೊಲದಲ್ಲಿರಬೇಕು. ಇವತ್ತು ಅದನ್ನು ಅಕ್ಷರಶಃ ಪಾಲಿಸುತ್ತಿರುವವರು ಪೇಟೆಯ ಅಂಗಡಿಕಾರರು. ಬೇಕರಿ, ಹೋಟೆಲು, ಹಾರ್ಡ್‌ವೇರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸು, ಯಾವುದಕ್ಕೇ ಹೋಗಿ, ಬೆಳಿಗ್ಗೆ ಶಟರ್ ಎತ್ತುವ ಕೈಯೂ ರಾತ್ರಿ ಎಳೆಯುವ ಕೈಯೂ ಒಂದೇ. ನಡುವೆ ಮಾಲು ತರುವುದು, ಚಿಲ್ಲರೆ ಹೊಂದಿಸುವುದು, ಬಾರದ ಕೆಲಸದವನ ಬದಲು ನಿಲ್ಲುವುದು, ಉದ್ರಿ ವಸೂಲಿ, ಕಟ್ಟಿಕೊಂಡ ಮೋರಿ, ಆಡಿಟರ್ ಆಫೀಸಿನ ಫೋನು, ಎಲ್ಲಕ್ಕೂ ಅವನೇ. ‘ನಾನೊಂದು ದಿನ ಇಲ್ಲದಿದ್ದರೆ ಅಂಗಡಿ ನಡೆಯೋಲ್ಲ ನೋಡಿ’ ಎಂದು ಆತ ಹೇಳುವಾಗ ದನಿಯಲ್ಲಿ ದಣಿವಿಗಿಂತ ಹೆಮ್ಮೆಯೇ ಹೆಚ್ಚು. ಅದೇ ಮಾತನ್ನು ಸಾಲ ಕೊಡುವ ಬ್ಯಾಂಕಿನವರೋ ಅಂಗಡಿ ಕೊಳ್ಳಲು ಬಂದವರೋ ಕೇಳಿಸಿಕೊಂಡರೆ ಅವರಿಗೆ ತಿಳಿಯುವುದು ಬೇರೆಯೇ: ಇಲ್ಲಿ ವ್ಯಾಪಾರವೆಂಬುದಿಲ್ಲ, ಒಬ್ಬ ಮನುಷ್ಯನಿದ್ದಾನೆ, ಅಷ್ಟೆ.

ಗಾದೆಯನ್ನು ಸುಳ್ಳು ಮಾಡಿದವರೂ ನಮ್ಮವರೇ. ಕೋಟ, ಸಾಲಿಗ್ರಾಮ, ಕುಂದಾಪುರ, ಉಡುಪಿ ಕಡೆಯಿಂದ ಘಟ್ಟ ಹತ್ತಿ ಬಂದ ಹುಡುಗರು ಬೆಂಗಳೂರು, ಮದ್ರಾಸು, ಬೊಂಬಾಯಿಗಳಲ್ಲಿ ಲೋಟ ತೊಳೆದರು, ಮಾಣಿಗಳಾದರು, ಒಲೆಯ ಮುಂದೆ ನಿಂತರು, ಕೊನೆಗೆ ಸ್ವಂತ ಹೋಟೆಲಿಟ್ಟರು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರು ದುಡಿಮೆ ಕಲಿತದ್ದು ಅಡಿಗೆಮನೆಯಲ್ಲೇ. ಹೀಗೆ ಮೇಲೆ ಬಂದವರಿಗೆ ಎಲ್ಲ ಕೆಲಸವೂ ಕೈವಶ. ‘ನಾನೇ ಮಾಡುವುದು ಉತ್ತಮ’ ಎನ್ನಲು ಅವರಿಗಿದ್ದಷ್ಟು ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಆದರೆ ಹೋಟೆಲೆಂಬುದು ಆ ಹಟವನ್ನು ಸಹಿಸುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ದೋಸೆ ಕಾವಲಿ, ಇಡ್ಲಿ ಸ್ಟೀಮರ್, ಕಾಫಿ ಡಿಕಾಕ್ಷನ್, ಗಲ್ಲಾ ನಾಲ್ಕೂ ಒಂದೇ ಕ್ಷಣದಲ್ಲಿ ಮನುಷ್ಯನನ್ನು ಕೇಳುತ್ತವೆ. ಹಾಗಾಗಿ ಸ್ಟೋರಿಗೊಬ್ಬ, ಒಲೆಗೆ ಭಟ್ಟರು, ಟೇಬಲ್ಲಿಗೆ ಸಪ್ಲೈಯರ್, ಹಿಂದೆ ಕ್ಲೀನರ್ ಎಂಬ ಏರ್ಪಾಡು ಬಂತು. ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಕಲಿಸದೆ ಬಂದ ಏರ್ಪಾಡದು.

ಕೆಲಸ ಹಂಚಿದರು ಎಂಬುದು ದೊಡ್ಡ ಸಂಗತಿಯಲ್ಲ. ಆಳಿಟ್ಟುಕೊಂಡ ಯಾರೂ ಅಷ್ಟು ಮಾಡುತ್ತಾರೆ. ಹನ್ನೆರಡು ಜನ ಕೆಲಸದವರಿದ್ದೂ ಮಾಲೀಕ ಏದುಸಿರು ಬಿಡುತ್ತಿದ್ದರೆ ಕಾರಣವನ್ನು ಜನರ ಸಂಖ್ಯೆಯಲ್ಲಿ ಹುಡುಕಬಾರದು. ಅವನು ಕೈಕೆಲಸ ಕೊಟ್ಟಿದ್ದಾನೆ, ತೀರ್ಮಾನವನ್ನು ಕೊಟ್ಟಿಲ್ಲ. ಹನ್ನೆರಡು ಜನರ ಕೈಗಳಿಗೂ ಒಂದೇ ತಲೆ ಉತ್ತರ ಹೇಳಬೇಕಾಗಿದೆ. ಆಳು ಹೆಚ್ಚಿದಷ್ಟೂ ಪ್ರಶ್ನೆ ಹೆಚ್ಚುತ್ತವೆ, ವಿಶ್ರಾಂತಿ ಕಡಿಮೆಯಾಗುತ್ತದೆ.

ಕರಿಯುವ ಎಣ್ಣೆಯನ್ನೇ ತೆಗೆದುಕೊಳ್ಳಿ. ಬಾಣಲೆಯ ಎಣ್ಣೆಯನ್ನು ಯಾವಾಗ ಇಳಿಸಬೇಕು? ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ: ಎಣ್ಣೆ ಕಾದು ಕಾದು ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳ ಪ್ರಮಾಣ ಶೇಕಡಾ 25 ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. 2018ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಅದನ್ನು ಅಳೆಯುವ ಕೈಮೀಟರು ಸಿಗುತ್ತದೆ, ಸಣ್ಣ ಹೋಟೆಲಿನವರು ಕೊಳ್ಳುವುದು ಅಪರೂಪ. ಭಟ್ಟರಿಗೆ ಮೀಟರು ಬೇಡ. ನೊರೆ ಹೇಗೆ ಏಳುತ್ತದೆ, ಹೊಗೆ ಎಷ್ಟು ಬೇಗ ಬರುತ್ತದೆ, ಸೌಟಿನಿಂದ ಎಣ್ಣೆ ಹೇಗೆ ಇಳಿಯುತ್ತದೆ ಎಂಬುದರಲ್ಲೇ ಅವರಿಗೆ ಗೊತ್ತಾಗುತ್ತದೆ. ಆದರೆ ಎಣ್ಣೆ ಇಳಿಸಿದರೆ ದುಡ್ಡು ಹೋಗುವುದು ಯಜಮಾನರದು. ಆದ್ದರಿಂದ ಅವರು ಕೇಳಬೇಕು. ಯಜಮಾನರು ಮಾರ್ಕೆಟ್ಟಿಗೆ ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ. ಸಂಜೆಯ ಬೋಂಡಕ್ಕೆ ಜನ ನಿಂತಿದ್ದಾರೆ. ‘ಇವತ್ತೊಂದಿನ ನಡೀಲಿ’ ಎಂದು ಅದೇ ಎಣ್ಣೆಯಲ್ಲಿ ಮತ್ತೊಂದು ಸರದಿ ಇಳಿಯುತ್ತದೆ. ಗಿರಾಕಿಗೆ ಎದೆಯುರಿ. ತಪ್ಪು ಯಾರದು? ತಿಳಿವಳಿಕೆ ಇದ್ದವನಿಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದವನು ಅಲ್ಲಿರಲಿಲ್ಲ.

ಇದಕ್ಕೆ ಉತ್ತರ ‘ಭಟ್ರೇ, ನೀವೇ ನೋಡಿಕೊಳ್ಳಿ’ ಎಂಬ ಒಂದು ಮಾತಲ್ಲ. ಆ ಮಾತು ಹೇಳಿದವನು ಮೂರನೆಯ ದಿನ ಎಣ್ಣೆಯ ಬಿಲ್ಲು ನೋಡಿ ಕೂಗಾಡುತ್ತಾನೆ, ನಾಲ್ಕನೆಯ ದಿನದಿಂದ ಭಟ್ಟರು ಮತ್ತೆ ಕೇಳಲು ಶುರುಮಾಡುತ್ತಾರೆ. ಸರಿಯಾಗಿ ವಹಿಸಿಕೊಟ್ಟರೆ ಮಾತು ಹೀಗಿರುತ್ತದೆ: ‘ನೊರೆ ನಿಲ್ಲದಿದ್ದರೆ, ಹೊಗೆ ಬೇಗ ಬಂದರೆ ನನ್ನನ್ನು ಕೇಳದೆ ಇಳಿಸಿಬಿಡಿ. ಇಳಿಸಿದ್ದನ್ನು ಮೋರಿಗೆ ಸುರಿಯಬೇಡಿ, ಈ ಡಬ್ಬಿಗೆ ಹಾಕಿ. ಶನಿವಾರ ಇಬ್ಬರೂ ನಿಂತು ತೂಗೋಣ.’ ಬಳಸಿದ ಎಣ್ಣೆಯನ್ನು ಬಯೋಡೀಸೆಲ್ ತಯಾರಕರಿಗೆ ಒಯ್ಯುವವರು ಈಗ ಬಂದು ಕೊಳ್ಳುತ್ತಾರೆ, ಡಬ್ಬಿಗೂ ಬೆಲೆಯಿದೆ. ಹದಿನೈದು ಕಿಲೋದ ಟಿನ್ನುಗಳು ಎಷ್ಟು ಒಳಗೆ ಬಂದವು, ಡಬ್ಬಿಯಲ್ಲಿ ಎಷ್ಟು ಹೊರಗೆ ಹೋಯಿತು ಎಂಬ ಎರಡು ಅಂಕಿ ಸಾಕು. ತೀರ್ಮಾನ ಭಟ್ಟರದು, ಮಿತಿ ಮೊದಲೇ ಹೇಳಿದ್ದು, ಗುರುತು ಡಬ್ಬಿಯಲ್ಲಿ ಉಳಿದದ್ದು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ವಹಿಸಿಕೊಟ್ಟದ್ದು ಮರಳಿ ಮಾಲೀಕನ ತಲೆಗೇ ಬಂದು ಕೂರುತ್ತದೆ.

ವಿಚಿತ್ರವೆಂದರೆ ಈ ತಿಳಿವನ್ನು ನಮ್ಮ ಫೋನೇ ಈಗ ಹೇಳಿಕೊಡುತ್ತಿದೆ. 2024ರ ಆಗಸ್ಟಿನಲ್ಲಿ ಎನ್‌ಪಿಸಿಐ ಸಂಸ್ಥೆ ಯುಪಿಐ ಸರ್ಕಲ್ ಎಂಬ ಸೌಲಭ್ಯ ತಂದಿತು. ನಮ್ಮ ಖಾತೆಯಿಂದ ಹಣ ಪಾವತಿಸುವ ಅಧಿಕಾರವನ್ನು ಐದು ಜನರವರೆಗೆ ಕೊಡಬಹುದು. ಅದರಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿ, ಒಂದು ಸಲಕ್ಕೆ 5,000 ಎಂಬ ಮಿತಿಯೊಳಗೆ ಆತ ಕೇಳದೆಯೇ ಕೊಡಬಹುದು. ಇನ್ನೊಂದರಲ್ಲಿ ಅವನು ಒತ್ತಿದಾಗಲೆಲ್ಲ ಮಾಲೀಕನ ಫೋನಿಗೆ ಬರುತ್ತದೆ, ಮಾಲೀಕ ಪಿನ್ ಹಾಕಿದರೆ ಮಾತ್ರ ಹಣ ಹೋಗುತ್ತದೆ. ನಮ್ಮ ಅಂಗಡಿಗಳಲ್ಲಿ ಎಲ್ಲ ಕೆಲಸವೂ ಈ ಎರಡನೆಯ ಬಗೆಯದೇ. ಸೊಪ್ಪಿಗೂ ಪಿನ್, ಸೋಪಿಗೂ ಪಿನ್. ತಣ್ಣಗಾದ ದೋಸೆ ಬದಲಾಯಿಸಿ ಕೊಡಲು ಸಪ್ಲೈಯರ್ ಗಲ್ಲಾದ ಕಡೆ ನೋಡುತ್ತಾನೆ. ಗಿರಾಕಿಯ ಮುಖ ಸಿಂಡರಿಸಿ ಎರಡು ನಿಮಿಷ ಆಗಿರುತ್ತದೆ. ಇನ್ನೂರು ರೂಪಾಯಿವರೆಗಿನ ಯಾವ ತಕರಾರನ್ನೂ ಸಪ್ಲೈಯರೇ ಬಗೆಹರಿಸಲಿ, ಚೀಟಿಯಲ್ಲಿ ಬರೆದಿಡಲಿ ಎಂದರೆ ತಿಂಗಳ ಕೊನೆಗೆ ಆಗುವ ನಷ್ಟ ಒಂದು ಸಿಲಿಂಡರಿನ ಬೆಲೆಯನ್ನೂ ಮುಟ್ಟಲಿಕ್ಕಿಲ್ಲ. ಚೀಟಿಗಳನ್ನು ಒಟ್ಟಿಗೆ ಓದಿದರೆ ಯಾವ ತಿಂಡಿ ಯಾವ ಹೊತ್ತಿನಲ್ಲಿ ಕೆಡುತ್ತಿದೆ ಎಂಬುದೂ ತಿಳಿಯುತ್ತದೆ. ಗಲ್ಲಾದಲ್ಲಿ ಕೂತವನಿಗೆ ಎಂದೂ ತಿಳಿಯದ ಸಂಗತಿ ಅದು.

ಇಷ್ಟಾದರೂ ಅನೇಕರು ವಹಿಸಿಕೊಡಲಾರರು. ‘ನಂಬಿಕಸ್ತರು ಸಿಗೋಲ್ಲ’ ಎಂಬುದು ಎಲ್ಲರ ಬಾಯಲ್ಲಿರುವ ಕಾರಣ. ನನಗೆ ಅದು ಅರ್ಧ ಮಾತ್ರ ನಿಜವೆನಿಸುತ್ತದೆ. ಕದಿಯುವ ಆಳಿಗಿಂತ ಹೆಚ್ಚು ಅಡ್ಡಿಯಾಗಿರುವುದು ಬರೆಯದೆ ಉಳಿದ ಅಳತೆ. ಸಾಂಬಾರಿಗೆ ಹುಳಿ ‘ಇಷ್ಟು’, ಹಿಟ್ಟು ಹುಳಿಯಲು ‘ಒಂದು ರಾತ್ರಿ’, ಟೊಮೆಟೊ ‘ನೋಡಿ ತಗೊಂಡು ಬಾ’. ಈ ‘ಇಷ್ಟು’ ಯಜಮಾನನ ಕೈಯಲ್ಲಿದೆ. ಕೈಯಲ್ಲಿದ್ದುದನ್ನು ಇನ್ನೊಬ್ಬನ ಕೈಗೆ ದಾಟಿಸಲು ಹಿಂದೆ ಹತ್ತು ವರ್ಷ ಹಿಡಿಯುತ್ತಿತ್ತು, ಮಾಣಿಯಾಗಿ ಸೇರಿದ ಊರ ಹುಡುಗ ಅಷ್ಟು ಕಾಲ ನಿಲ್ಲುತ್ತಿದ್ದ. ಇವತ್ತು ಕರಾವಳಿಯ ಹುಡುಗ ಹೋಟೆಲಿಗೆ ಬರುತ್ತಿಲ್ಲ. ಬೆಂಗಳೂರಿನ ಅನೇಕ ಉಡುಪಿ ಹೋಟೆಲುಗಳ ಒಳಮನೆಯಲ್ಲಿ ಒಡಿಶಾ, ಅಸ್ಸಾಂ, ಬಂಗಾಳ, ನೇಪಾಳದವರು ರುಬ್ಬುತ್ತಿದ್ದಾರೆ, ಬೇಯಿಸುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಹೋದವನು ತಿರುಗಿ ಬರುತ್ತಾನೆಂಬ ಖಾತ್ರಿಯಿಲ್ಲ. ಅವನಿಗೆ ‘ಇಷ್ಟು’ ಎಂದರೆ ಎಷ್ಟು? ಒಂದು ಕಿಲೋ ಉದ್ದಿಗೆ ಎಷ್ಟು ಕಿಲೋ ಇಡ್ಲಿ ರವೆ, ಎಷ್ಟು ಗ್ರಾಂ ಉಪ್ಪು, ಯಾವ ಸೌಟಿನಲ್ಲಿ ಎಷ್ಟು ಹಿಟ್ಟು ಎಂಬುದನ್ನು ಚಿತ್ರ ಸಮೇತ ಗೋಡೆಗೆ ಅಂಟಿಸಿದ ಹೋಟೆಲಿಗೆ ಮಾತ್ರ ಹೊಸಬ ವಾರದಲ್ಲಿ ಒಗ್ಗುತ್ತಾನೆ.

ಅಳತೆ ಬರೆದಿಟ್ಟರೆ ವ್ಯಾಪಾರ ಎಲ್ಲಿಗೆ ಹೋಗಬಹುದು ಎನ್ನುವುದಕ್ಕೆ ಲಾಲ್‌ಬಾಗ್ ಬಳಿಯ ಮಾವಳ್ಳಿ ಟಿಫಿನ್ ರೂಮ್ಸ್ ಸಾಕ್ಷಿ. ಕೋಟದ ಕಡೆಯ ಮಯ್ಯ ಸಹೋದರರು 1924ರಲ್ಲಿ ಇಟ್ಟ ಬ್ರಾಹ್ಮಣ ಕಾಫಿ ಕ್ಲಬ್ಬೇ ಮುಂದೆ ಎಂಟಿಆರ್ ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ನೋಡಿಬಂದು ಅಲ್ಲಿನ ಶುಚಿತ್ವದ ಶಿಸ್ತನ್ನು ಇಲ್ಲಿ ಪದ್ಧತಿಯಾಗಿಸಿದರು. ಪಾತ್ರೆಗಳನ್ನು ಬಿಸಿ ಹಬೆಯಲ್ಲಿ ಶುದ್ಧಿ ಮಾಡುವ ಕ್ರಮ ಬಂತು, ಗಿರಾಕಿಗಳು ಅಡಿಗೆಮನೆ ನೋಡಿಕೊಂಡೇ ಒಳಗೆ ಹೋಗುವ ಏರ್ಪಾಡಾಯಿತು. ಯಜಮಾನನ ಕಣ್ಣೊಂದೇ ಕಾಯಬೇಕಾಗಿದ್ದ ಜಾಗದಲ್ಲಿ ನೂರು ಗಿರಾಕಿಗಳ ಕಣ್ಣು ಕಾವಲಿಗೆ ನಿಂತಂತಾಯಿತಲ್ಲ, ಅದು ನನಗೆ ಇವತ್ತಿಗೂ ಜಾಣತನದ ಪರಮಾವಧಿ ಎನಿಸುತ್ತದೆ. ಎಪ್ಪತ್ತರ ದಶಕದ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಗೆ ಕಡಿವಾಣ ಹಾಕಿತು. ಆ ದರಕ್ಕೆ ತಮ್ಮ ಗುಣಮಟ್ಟ ಉಳಿಸಲಾಗದೆ ಎಂಟಿಆರ್ ಹೋಟೆಲನ್ನು ಮುಚ್ಚಬೇಕಾಯಿತು. ಆಗ ಕೈಹಿಡಿದದ್ದು ಮಸಾಲೆ ಪುಡಿ ಮತ್ತು ತಿಂಡಿ ಮಿಶ್ರಣಗಳ ಪೊಟ್ಟಣ. ರವೆ ಇಡ್ಲಿಯ ರುಚಿಯನ್ನು ಗ್ರಾಂ ಲೆಕ್ಕಕ್ಕೆ ಇಳಿಸಿ ಪೊಟ್ಟಣ ಕಟ್ಟಿದ ಮೇಲೆ ಅದನ್ನು ಬೇಯಿಸುವವರು ಹೋಟೆಲಿನ ಭಟ್ಟರೇ ಆಗಬೇಕಿಲ್ಲ. ಯಾವ ಊರಿನ ಯಾವ ಮನೆಯವರಾದರೂ ಆದೀತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಪೊಟ್ಟಣದ ವ್ಯಾಪಾರವನ್ನು ಕೊಂಡುಕೊಂಡಿತು, ಹೋಟೆಲು ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು. ಕೈಗುಣವನ್ನು ಮಾರಲಾಗುವುದಿಲ್ಲ, ಅಳತೆಯನ್ನು ಮಾರಬಹುದು.

ದುಡ್ಡಿನ ಮಾತಿಗೆ ಬರೋಣ, ಏಕೆಂದರೆ ಗಲ್ಲಾ ಬಿಟ್ಟು ಏಳಲಾಗದಿರುವುದು ಅದಕ್ಕೇ. ಹಳೆಯ ಹೋಟೆಲಿನಲ್ಲಿ ಸಪ್ಲೈಯರ್ ತಿಂದದ್ದನ್ನು ಬಾಯಲ್ಲಿ ಕೂಗಿ ಹೇಳುತ್ತಿದ್ದ, ಗಲ್ಲಾದಲ್ಲಿ ಕೂತವರು ಅದನ್ನು ಕೇಳಿ ಹಣ ತೆಗೆದುಕೊಳ್ಳುತ್ತಿದ್ದರು. ತಿಂಡಿ, ನೆನಪು, ಲೆಕ್ಕ ಮೂರೂ ಒಬ್ಬನ ತಲೆಯಲ್ಲಿ. ಮಾಲೀಕ ಅಲ್ಲಿರಲೇಬೇಕಿತ್ತು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಬೆಂಗಳೂರು ಮೆಚ್ಚಿದ್ದು ನಿಂತು ತಿನ್ನುವ ವೇಗವನ್ನು, ಕಡಿಮೆ ಬೆಲೆಯನ್ನು. ಒಳಗಿದ್ದ ಇನ್ನೊಂದು ಜಾಣ್ಮೆಗೆ ಅಷ್ಟು ಹೊಗಳಿಕೆ ಸಿಕ್ಕಿಲ್ಲ. ಹಣ ಮೊದಲು, ತಿಂಡಿ ಆಮೇಲೆ, ನಡುವೆ ಒಂದು ಟೋಕನ್. ಹಣ ಮುಟ್ಟಿದವನು ತಿಂಡಿ ಮುಟ್ಟುವುದಿಲ್ಲ, ತಿಂಡಿ ಕೊಡುವವನು ಹಣ ಮುಟ್ಟುವುದಿಲ್ಲ. ದಿನದ ಕೊನೆಗೆ ಕೌಂಟರಿನ ಲೆಕ್ಕವೂ ಒಳಗೆ ಸೇರಿದ ಟೋಕನ್ನುಗಳ ಲೆಕ್ಕವೂ ಕೂಡಬೇಕು. ಕೂಡದಿದ್ದರೆ ಯಾವ ಕಡೆ ಬಿರುಕಿದೆಯೆಂದು ತಾನಾಗಿ ತಿಳಿಯುತ್ತದೆ. ಹೀಗಿದ್ದಾಗ ಮಾಲೀಕ ಪಕ್ಕದ ಬಡಾವಣೆಯಲ್ಲಿ ಎರಡನೆಯದನ್ನು ತೆರೆಯಬಲ್ಲ. ದರ್ಶಿನಿಗಳು ಊರ ತುಂಬ ಹರಡಿದ್ದರಲ್ಲಿ ದೋಸೆಯ ಪಾಲಿನಷ್ಟೇ ಆ ಕಾಗದದ ತುಣುಕಿನ ಪಾಲೂ ಇದೆ.

ಟೋಕನ್ ಇಲ್ಲದ ಕಡೆಯೂ ಒಂದು ಸರಕು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ಲೋಟದ ಗಾತ್ರ ನಿಗದಿಯಾಗಿದ್ದರೆ ಒಂದು ಲೀಟರ್ ಹಾಲಿಗೆ ಎಷ್ಟು ಕಾಫಿ ಆಗಬೇಕೆಂಬುದು ಎರಡು ದಿನ ನಿಂತು ನೋಡಿದರೆ ತಿಳಿಯುತ್ತದೆ. ಆ ಮೇಲೆ ಹಾಲಿನ ಲೆಕ್ಕವನ್ನೂ ಕಾಫಿಯ ಬಿಲ್ಲನ್ನೂ ಎದುರು ಬದುರು ಇಟ್ಟರೆ ಸಾಕು, ಊರಲ್ಲಿಲ್ಲದಿದ್ದರೂ ನಿಮಗೆ ಗೊತ್ತಾಗುತ್ತದೆ. ಹತ್ತೊಂಬತ್ತು ಕಿಲೋದ ಕಮರ್ಷಿಯಲ್ ಸಿಲಿಂಡರ್ ಬದಲಿಸಿದ ದಿನಾಂಕವನ್ನು ಅದರ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರೂ ಅಷ್ಟೇ ಉಪಯೋಗ. ಸಿಸಿಟಿವಿ ನೋಡುತ್ತ ಮನೆಯಲ್ಲಿ ಕೂರುವ ಮಾಲೀಕರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಗಲ್ಲಾ ಬಿಟ್ಟು ಎದ್ದಂತಾಗಲಿಲ್ಲ ಅದು, ಗಲ್ಲಾವನ್ನು ಮನೆಗೆ ಹೊತ್ತು ತಂದಂತಾಯಿತು.

ಎರಡು ಕೈಯಲ್ಲಿ ಎರಡು ಲೆಕ್ಕ ಎಂಬ ಈ ಉಪಾಯವನ್ನು ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿಯಲ್ಲಿ ಬಳಸಿತ್ತು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬುದು ಆಗ ಅದರ ಹೆಸರು. ಏಜೆಂಟ್ ಮನೆ ಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಒಯ್ಯುತ್ತಿದ್ದ. ಬ್ಯಾಂಕಿಗೆ ಅವನ ಹಿಂದೆ ಕಾವಲುಗಾರನನ್ನು ಕಳಿಸಲು ಎಲ್ಲಿ ಸಾಧ್ಯ? ಆತ ಪಡೆದ ಹಣ ಠೇವಣಿದಾರನ ಬಳಿಯ ಕಾರ್ಡಿನಲ್ಲೂ ಏರಬೇಕು, ಬ್ಯಾಂಕಿನ ಪುಸ್ತಕದಲ್ಲೂ ಏರಬೇಕು. ಕಾರ್ಡ್ ಏಜೆಂಟನ ಕೈಲಿಲ್ಲ ಎಂಬುದೇ ಅದರ ಬಲ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲೂ ಇದೇ ಧಾಟಿ. ಆಳುಗಳಿಂದ ಕೆಲಸ ತೆಗೆಸುವವನು ಮೇಸ್ತ್ರಿ, ಹಾಜರಿ ಬರೆಯುವವನು ರೈಟರ್. ಇಬ್ಬರೂ ಒಬ್ಬನೇ ಆದ ತೋಟದಲ್ಲಿ ಬಟವಾಡೆಯ ದಿನ ಇಲ್ಲದ ಆಳುಗಳೂ ಹುಟ್ಟಿಕೊಳ್ಳುತ್ತಾರೆ ಎಂಬುದು ಪ್ಲಾಂಟರುಗಳ ಅನುಭವದ ಮಾತು. ಈಗಿನ ಅಂಗಡಿಯಲ್ಲಿ ಇಂಥ ಮೋಸದ ಹೊಸ ದಾರಿ ಕ್ಯೂಆರ್ ಕೋಡು. ಕೌಂಟರಿನವನೇ ಗಿರಾಕಿಗೆ ತನ್ನ ಫೋನಿನ ಕೋಡ್ ತೋರಿಸಿದರೆ ಸಂಜೆಯವರೆಗೆ ಯಾರಿಗೂ ಸುಳಿವು ಸಿಗುವುದಿಲ್ಲ. ಹಣ ಬಂತೆಂದು ಗಟ್ಟಿಯಾಗಿ ಕೂಗುವ ಸೌಂಡ್‌ಬಾಕ್ಸು ಗಿರಾಕಿಗಿಂತ ಮಾಲೀಕನಿಗೆ ಹೆಚ್ಚು ಉಪಕಾರಿ.

ಮಗ ಮಾಡುವುದು ಮಧ್ಯಮ ಎಂಬ ನಡುವಿನ ಸಾಲಿಗೂ ಒಂದು ಮಾತು ಸಲ್ಲಬೇಕು. ಬೆಂಗಳೂರಿನಲ್ಲಿ ಗಿರಣಿಗಳಿಗೆ ಬಿಡಿಭಾಗ ಸರಬರಾಜು ಮಾಡುತ್ತಿದ್ದ ಎಸ್.ಎಸ್. ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ತಾನೇ ಬರೆದುಕೊಟ್ಟರು. 1986ರಲ್ಲಿ ಶುರುವಾದ ಆ ಕಂಪನಿಯ ಟ್ಯಾಲಿ ಇವತ್ತು ಊರೂರಿನ ಗುಮಾಸ್ತರ ಕೆಲಸದ ಹತಾರ. ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ, ಒಪ್ಪುವೆ. ಸಾಮಾನ್ಯವಾಗಿ ನಡೆಯುವುದೇನೆಂದರೆ ಮಗನಿಗೆ ಗಲ್ಲಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಅವನು ಸಗಟು ವ್ಯಾಪಾರಿಯೊಂದಿಗೆ ದರ ಮುಗಿಸಿದ ಮೇಲೆ ಅಪ್ಪ ಫೋನ್ ಮಾಡಿ ಬೇರೆ ದರ ಹೇಳುತ್ತಾರೆ. ಆ ವ್ಯಾಪಾರಿ ಮುಂದೆಂದೂ ಮಗನ ಜೊತೆ ಮಾತಾಡುವುದಿಲ್ಲ. ಇನ್ನು ಹೆಂಡತಿ. ಎಷ್ಟೋ ಅಂಗಡಿಗಳಲ್ಲಿ ದಿನದ ಕಿರ್ದಿ ಬರೆಯುವುದು, ಸಂಬಳದ ಲಕೋಟೆ ಕಟ್ಟುವುದು, ಬಡ್ಡಿಯ ಕಂತು ನೆನಪಿಡುವುದು ಆಕೆಯೇ. ಬ್ಯಾಂಕಿನಲ್ಲಿ ಆಕೆಯ ಸಹಿ ಇಲ್ಲ, ಸಂಬಳವೂ ಇಲ್ಲ. ಹೊಣೆ ಕೊಟ್ಟು ಅಧಿಕಾರ ಕೊಡದಿರುವುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇರೆ ಬೇಕಿಲ್ಲ. ಕೆಲಸದವರ ವಿಷಯದಲ್ಲೂ ಅಷ್ಟೆ: ಕೌಂಟರಿನವನಿಗೆ ಸ್ಟೋರಿನ ಬೀಗದ ಕೈಯನ್ನೂ ಕೊಟ್ಟು, ಸಂಬಳವನ್ನು ಹೋದ ವರ್ಷದಷ್ಟೇ ಇಟ್ಟವನು ‘ಬಿಟ್ಟು ಹೋದ ನೋಡಿ’ ಎಂದು ಗೋಳಾಡಬಾರದು.

ಕೊಟ್ಟ ಮೇಲೆ ಮೊದಲ ಕೆಲವು ದಿನ ಕೆಲಸ ಕೆಡುತ್ತದೆ. ತರಕಾರಿಗೆ ಕಳಿಸಿದವನು ಕಲಾಸಿಪಾಳ್ಯದಲ್ಲಿ ಕಿಲೋಗೆ ಐದು ರೂಪಾಯಿ ಹೆಚ್ಚು ಕೊಟ್ಟು ಬರುತ್ತಾನೆ, ಇಲ್ಲವೇ ಅಗ್ಗವೆಂದು ಮೆತ್ತಗಿನ ಟೊಮೆಟೊ ತರುತ್ತಾನೆ. ಅಂದೇ ಚೀಲ ಕಿತ್ತುಕೊಂಡು ಮರುದಿನ ತಾನೇ ಹೊರಟವನು ಇನ್ನು ಇಪ್ಪತ್ತು ವರ್ಷ ನಸುಕಿಗೆ ಏಳಬೇಕು. ನಷ್ಟವನ್ನು ಮೊದಲೇ ಲೆಕ್ಕದಲ್ಲಿಟ್ಟು, ಅವನನ್ನು ಯುಗಾದಿ, ದೀಪಾವಳಿಯ ವಾರದಲ್ಲಿ ಅಲ್ಲ, ವ್ಯಾಪಾರ ಸಪ್ಪೆಯಿರುವ ಆಷಾಢದಲ್ಲಿ ಕಳಿಸಿದರೆ ತಪ್ಪಿನ ಬೆಲೆ ಕಡಿಮೆ. ಗಿರಾಕಿಗಳ ಎದುರು ಬೈಯಬಾರದು ಎಂಬುದನ್ನು ಬೇರೆ ಹೇಳಬೇಕೆ? ಹೇಳಲೇಬೇಕು, ದಿನವೂ ನೋಡುತ್ತಿದ್ದೇವೆ.

ಹಾಗೆಂದು ಎಲ್ಲವನ್ನೂ ಕೊಟ್ಟು ಕೈಕಟ್ಟಿ ಕೂರುವಂತಿಲ್ಲ. ಕಾನೂನು ಕೆಲವನ್ನು ಮಾಲೀಕನ ಹೆಗಲಿನಿಂದ ಇಳಿಸಲು ಒಪ್ಪುವುದೇ ಇಲ್ಲ. 1872ರ ಭಾರತೀಯ ಕರಾರು ಕಾಯಿದೆಯ 237ನೇ ಕಲಮಿನ ಪ್ರಕಾರ, ನಿಮ್ಮ ಮ್ಯಾನೇಜರ್ ತನಗಿಲ್ಲದ ಅಧಿಕಾರ ಚಲಾಯಿಸಿ ಮಾಲು ತರಿಸಿದರೂ, ಅವನಿಗೆ ಆ ಅಧಿಕಾರವಿದೆಯೆಂದು ಹೊರಗಿನವರು ನಂಬುವಂತೆ ನೀವು ನಡೆದುಕೊಂಡಿದ್ದರೆ ಹಣ ನೀವೇ ಕಟ್ಟಬೇಕು. ಮಿತಿಯನ್ನು ಮ್ಯಾನೇಜರ್ ಕಿವಿಯಲ್ಲಿ ಮಾತ್ರ ಹೇಳಿದರೆ ಸಾಲದು, ಮಾಲು ಕೊಡುವವರಿಗೂ ಹೇಳಬೇಕು. ಸಹಿ ಮಾಡಿದ ಖಾಲಿ ಚೆಕ್ ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಊರಿಗೆ ಹೋಗುವ ಚಾಳಿ ನಮ್ಮಲ್ಲಿ ಬಹಳ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಅದು ಸಾಲ ತೀರಿಸಲು ಕೊಟ್ಟ ಚೆಕ್ಕೆಂದೇ ಮೊದಲಿಗೆ ಭಾವಿಸಲಾಗುತ್ತದೆ, ಅಲ್ಲವೆಂದು ತೋರಿಸಬೇಕಾದವರು ಸಹಿ ಮಾಡಿದವರು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಚೆಕ್ ಬೌನ್ಸಾದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಆಹಾರ ಸುರಕ್ಷತಾ ಕಾಯಿದೆ ಮಾತ್ರ ಸ್ವಲ್ಪ ಉದಾರಿ. ಹಲವು ಶಾಖೆಗಳಿರುವ ಕಂಪನಿ ಒಂದೊಂದು ಶಾಖೆಗೂ ಒಬ್ಬ ಹೊಣೆಗಾರನನ್ನು ಲಿಖಿತವಾಗಿ ಹೆಸರಿಸಲು ಅದರ 66ನೇ ಕಲಮು ಎಡೆ ಕೊಡುತ್ತದೆ.

ತೆರಿಗೆಯೂ ಹೀಗೆಯೇ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎದ್ದ ಗದ್ದಲ ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮೇಲಿನ ಕ್ಯೂಆರ್ ಚೀಟಿಗಳು ರಾತ್ರೋರಾತ್ರಿ ಮಾಯವಾದವು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಹಳೆಯ ನಿಯಮವೇ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಿನ ಹಣವೂ ಆ ಮೊತ್ತದಲ್ಲಿ ಸೇರಿದ್ದರಿಂದ ಅನೇಕರು ದಿಗಿಲುಬಿದ್ದರು. ಅಂಗಡಿಯವರ ಸಿಟ್ಟಿಗೆ ಕಾರಣವಿತ್ತು. ಆದರೂ ಒಂದು ಸಂಗತಿ ಬಯಲಾಯಿತು: ಹಣ ಪಡೆಯುವ ಕೆಲಸವನ್ನು ಎಲ್ಲರೂ ಯಂತ್ರಕ್ಕೆ ವಹಿಸಿದ್ದರು, ಬಂದ ಹಣದಲ್ಲಿ ಹಾಲಿನದೆಷ್ಟು, ಬಿಸ್ಕತ್ತಿನದೆಷ್ಟು ಎಂದು ಬಿಡಿಸಿ ಬರೆಯುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ನೋಂದಣಿ ಮಾಡಿಸಿದವರಲ್ಲೂ ಬಹುತೇಕರು ಪಾಸ್‌ವರ್ಡ್, ಓಟಿಪಿ ಎರಡನ್ನೂ ಆಡಿಟರ್ ಆಫೀಸಿಗೆ ಕೊಟ್ಟು ಮರೆತಿರುತ್ತಾರೆ. ರಿಟರ್ನ್ ತಪ್ಪಿದರೆ ದಂಡ ಬರುವುದು ಆಡಿಟರಿಗಲ್ಲ. ಸಲ್ಲಿಸುವ ಕೆಲಸ ಅವರದಿರಲಿ, ಸಲ್ಲಿಸಿದ್ದರ ಒಂದು ಪುಟದ ಪ್ರತಿ ತಿಂಗಳ ಇಪ್ಪತ್ತನೆಯ ತಾರೀಖಿನ ಸುಮಾರಿಗೆ ನಿಮ್ಮ ಮೇಜಿಗೆ ಬರಲಿ. ಹತ್ತು ಜನ ಕೆಲಸದವರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಇವನ್ನು ತಪ್ಪಿಸಲು ಒಂಬತ್ತರಲ್ಲಿ ನಿಲ್ಲಿಸಿಕೊಂಡು ಹತ್ತನೆಯವನ ಕೆಲಸ ತಾನೇ ಮಾಡುವ ಮಾಲೀಕರಿದ್ದಾರೆ. ಅವರ ಆರೋಗ್ಯಕ್ಕೆ ಇಎಸ್‌ಐ ಆಸ್ಪತ್ರೆಯೂ ಸಿಗದು.

ಮಗನಿಗೋ ಮ್ಯಾನೇಜರಿಗೋ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ನಿಶ್ಚಿಂತರಾದವರಿಗೆ ಅದೇ ಕರಾರು ಕಾಯಿದೆಯ 201ನೇ ಕಲಮನ್ನೂ ಯಾರಾದರೂ ಓದಿ ಹೇಳಬೇಕು. ಕೊಟ್ಟವನು ಸತ್ತ ಕ್ಷಣ ಆ ಅಧಿಕಾರವೂ ಸಾಮಾನ್ಯವಾಗಿ ಮುಗಿಯುತ್ತದೆ. ಒಬ್ಬನ ಹೆಸರಿನ ಪ್ರೊಪ್ರೈಟರಿ ಅಂಗಡಿಯಲ್ಲಿ ಲೈಸೆನ್ಸು, ಜಿಎಸ್‌ಟಿ, ಕರೆಂಟ್ ಅಕೌಂಟು ಎಲ್ಲ ಆ ಹೆಸರಿಗೇ ಅಂಟಿಕೊಂಡಿರುತ್ತವೆ. ಹದಿಮೂರನೆಯ ದಿನದ ಊಟದ ಖರ್ಚಿಗೂ ಖಾತೆಯಿಂದ ತೆಗೆಯಲಾಗದ ಮನೆಗಳುಂಟು. ಪ್ರೊಪ್ರೈಟರಿ ಖಾತೆಗೂ ನಾಮಿನಿ ಬರೆಸಬಹುದೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪಾಲುದಾರಿಕೆ ಪತ್ರ ಬರೆಸಿ ಹೆಂಡತಿಯನ್ನೋ ಮಕ್ಕಳನ್ನೋ ಒಳಗೆ ತಂದರೆ ವ್ಯಾಪಾರಕ್ಕೆ ಎರಡನೆಯ ಸಹಿ ಸಿಗುತ್ತದೆ. ಒಬ್ಬ ಪಾಲುದಾರ ಸತ್ತರೂ ಸಂಸ್ಥೆ ಮುಂದುವರಿಯುವುದೆಂದು ಆ ಪತ್ರದಲ್ಲೇ ಬರೆಸಬೇಕು, ಬರೆಸದಿದ್ದರೆ ಅದೂ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಿಂದ ಶುರುಮಾಡಬೇಕೆಂದು ಕೇಳುವವರಿಗೆ ನಾನು ಹೇಳುವುದು ಒಂದು ಸಣ್ಣ ಪ್ರಯೋಗ. ವಾರದ ನಡುವಿನ ಒಂದು ದಿನ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೋಗಿಬನ್ನಿ. ಅಂಗಡಿ ತೆರೆದೇ ಇರಲಿ. ಫೋನ್ ಎತ್ತಿ, ಆದರೆ ಬಂದ ಒಂದೊಂದು ಕರೆಯನ್ನೂ ಒಂದು ಚೀಟಿಯಲ್ಲಿ ಬರೆಯಿರಿ: ಯಾರು, ಏನು ಕೇಳಿದರು, ನೀವೇನು ಹೇಳಿದಿರಿ. ಗ್ಯಾಸ್ ಬುಕ್ ಮಾಡಲೇ ಎಂದು ಕೇಳಿದ್ದರೆ, ತುಂಬಿದ ಸಿಲಿಂಡರ್ ಒಂದೇ ಉಳಿದಾಗ ಕೇಳದೆ ಬುಕ್ ಮಾಡಬೇಕೆಂದು ಮರುದಿನವೇ ಹೇಳಬಹುದು. ಹಾಲಿನವನಿಗೆ ಹಣ ಕೊಡಲೇ ಎಂದಿದ್ದರೆ ಕೌಂಟರಿನವನ ಫೋನಿಗೆ ಮಿತಿಯಿಟ್ಟು ಅಧಿಕಾರ ಕೊಡಬಹುದು. ಒಬ್ಬನಿಗೆ ಅಡ್ವಾನ್ಸ್ ಬೇಕಂತೆ ಎಂಬ ಕರೆಯಿದ್ದರೆ ತಿಂಗಳಿಗೊಮ್ಮೆ, ಇಂತಿಷ್ಟು ಎಂಬ ನಿಯಮ ಬರೆದು ಅಂಟಿಸಿದರೆ ಮುಗಿಯಿತು. ಭಟ್ಟರು ಬಂದಿಲ್ಲ ಎಂಬ ಕರೆ ಬಂದಿದ್ದರೆ ಕೆಲಸ ತುಸು ದೊಡ್ಡದು. ಕಾವಲಿಯ ಮುಂದೆ ನಿಲ್ಲಬಲ್ಲ ಎರಡನೆಯವನನ್ನು ಈ ಆಷಾಢದಲ್ಲೇ ತಯಾರು ಮಾಡಬೇಕು. ಆ ಚೀಟಿಯಲ್ಲಿ ಫುಡ್ ಇನ್ಸ್‌ಪೆಕ್ಟರ್ ಬಂದಿದ್ದಾರೆ ಎಂಬ ಕರೆಯೂ ಇದ್ದರೆ ಅದನ್ನು ಮಾತ್ರ ಯಾರಿಗೂ ದಾಟಿಸಬೇಡಿ, ಮುಂದಿನ ಬಸ್ ಹತ್ತಿ.